ಫ್ರಾಂಚೈಸ್ ರಿನ್ಯೂ ಮಾಡಲ್ಲ ಅಂತ ನೋಟಿಸ್ ಬಂದಿದೆ. ಅಂಗಡಿ ಮುಚ್ಚಲೇಬೇಕಾ?

ಪ್ರಶ್ನೆ:

ನಮಸ್ಕಾರ. ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ನಾನು, ನನ್ನ ಹೆಂಡತಿ ಸೇರಿ ಹತ್ತು ವರ್ಷದಿಂದ ಒಂದು ಸ್ಯಾಂಡ್‌ವಿಚ್ ಬ್ರ್ಯಾಂಡಿನ ಫ್ರಾಂಚೈಸ್ ನಡೆಸುತ್ತಿದ್ದೇವೆ. ಒಪ್ಪಂದ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಈಗ ಕಂಪನಿಯಿಂದ ರಿನ್ಯೂ ಮಾಡುವುದಿಲ್ಲ ಅಂತ ಪತ್ರ ಬಂದಿದೆ. ಎರಡು ಕಾರಣ ಕೊಟ್ಟಿದ್ದಾರೆ. ಹೊಸ ಡಿಸೈನಿಗೆ ತಕ್ಕ ಹಾಗೆ ನಾವು ಅಂಗಡಿ ರೀಮಾಡೆಲ್ ಮಾಡಿಲ್ಲವಂತೆ. ಈ ಪ್ರದೇಶದ ಬಗ್ಗೆ ಕಂಪನಿಯ ಯೋಜನೆಯೂ ಬದಲಾಗಿದೆಯಂತೆ. ಪತ್ರದ ಮೇಲಿನ ತಾರೀಖು ಆಗಸ್ಟ್ 25, ನಮ್ಮ ಕೈಗೆ ಬಂದದ್ದು ಸೆಪ್ಟೆಂಬರ್ 8. ನದಿಯಾಚೆ ಪೆನ್ಸಿಲ್ವೇನಿಯಾದಲ್ಲಿ ಇದೇ ಬ್ರ್ಯಾಂಡಿನ ನಮ್ಮದೇ ಇನ್ನೊಂದು ಅಂಗಡಿ ಇದೆ. ಇನ್‌ಸ್ಪೆಕ್ಷನ್‌ನಲ್ಲಿ ಸಿಕ್ಕ ಲೋಪಗಳನ್ನು ಹತ್ತು ದಿನದಲ್ಲಿ ಸರಿಪಡಿಸಿ ಅಂತ ಅದಕ್ಕೂ ಒಂದು ನೋಟಿಸ್ ಬಂದಿದೆ.

ಗ್ಯಾಸ್ ಸ್ಟೇಷನ್ ನಡೆಸುವ ನನ್ನ ಭಾವ, 90 ದಿನದ ನೋಟಿಸ್ ಕೊಡಲೇಬೇಕು, ಅದು ಫೆಡರಲ್ ಕಾನೂನು ಅನ್ನುತ್ತಾರೆ. ಒಬ್ಬ ಸ್ನೇಹಿತ, ಟರ್ಮ್ ಮುಗಿದ ಮೇಲೆ ಯಾರೂ ಏನೂ ಮಾಡೋಕಾಗಲ್ಲ ಅನ್ನುತ್ತಾನೆ. ಇನ್ನೊಬ್ಬ, ರಾಯಲ್ಟಿ (ಬ್ರ್ಯಾಂಡ್ ಬಳಸುವುದಕ್ಕೆ ಕಂಪನಿಗೆ ಕೊಡುವ ಹಣ) ಕಟ್ಟೋದು ನಿಲ್ಲಿಸು, ತಾವಾಗಿಯೇ ಮಾತಿಗೆ ಬರ್ತಾರೆ ಅನ್ನುತ್ತಾನೆ. ಕಂಪನಿಯ ಏರಿಯಾ ಮ್ಯಾನೇಜರ್ ಒಂದು ಕಾಗದ ಕೊಟ್ಟು, ಇದಕ್ಕೆ ಸೈನ್ ಮಾಡಿದರೆ ಮೂರು ತಿಂಗಳು ಜಾಸ್ತಿ ಕೊಡ್ತೀವಿ ಅಂದಿದ್ದಾರೆ. ಸಾಲಕ್ಕೂ ಲೀಸಿಗೂ ನಾವಿಬ್ಬರೂ ಪರ್ಸನಲ್ ಗ್ಯಾರಂಟಿ ಕೊಟ್ಟಿದ್ದೇವೆ. ಈಗ ಏನು ಮಾಡಬೇಕು?

ಉತ್ತರ:

ಹತ್ತು ವರ್ಷ ಬೆಳಗಿನಿಂದ ರಾತ್ರಿವರೆಗೆ ನಿಂತು ಕಟ್ಟಿದ ಅಂಗಡಿ ಒಂದು ಪತ್ರದಿಂದ ಹೋಗಿಬಿಡುತ್ತದಾ ಅನ್ನುವುದು ನಿಮ್ಮ ಭಯ. ನ್ಯೂಜೆರ್ಸಿಯಲ್ಲಿ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಆದರೆ ನಿಮ್ಮ ಹತ್ತಿರ ಇರುವುದು ಎರಡು ಬೇರೆ ಬೇರೆ ನೋಟಿಸ್. ಅವುಗಳ ಹಿಂದಿರುವ ಕಾನೂನೂ ಬೇರೆ. ನ್ಯೂಜೆರ್ಸಿ ಅಂಗಡಿಯ ಬಗ್ಗೆ ನೀವು ತುಂಬಾ ಬರೆದಿದ್ದೀರಿ, ಪೆನ್ಸಿಲ್ವೇನಿಯಾದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಜಾಸ್ತಿ ಆತಂಕ ಆಗಿದ್ದು ಆ ಒಂದು ಸಾಲು ಓದಿ. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

ಪೆನ್ಸಿಲ್ವೇನಿಯಾದಲ್ಲಿ ಎಲ್ಲ ಬಗೆಯ ಫ್ರಾಂಚೈಸಿಗಳಿಗೂ (ಅಂದರೆ ನಿಮ್ಮ ಹಾಗೆ ಕಂಪನಿಯ ಬ್ರ್ಯಾಂಡಿನಲ್ಲಿ ವ್ಯಾಪಾರ ನಡೆಸುವವರಿಗೆ) ಅನ್ವಯಿಸುವ ರಕ್ಷಣಾ ಕಾಯ್ದೆ ಇಲ್ಲ. ಕಂಪನಿ ಪ್ರಾಮಾಣಿಕವಾಗಿ ನಡೆದುಕೊಳ್ಳಬೇಕು ಅಂತ ಅಲ್ಲಿನ ಕೋರ್ಟ್ ಹೇಳಿದೆ, ನಿಜ. ಆದರೆ ಆ ಮಾತು ಹತ್ತು ದಿನದ ಗಡುವನ್ನು ಹಿಗ್ಗಿಸುವುದಿಲ್ಲ. ಅಲ್ಲಿ ನಿಮ್ಮ ಒಪ್ಪಂದದಲ್ಲಿ ಬರೆದದ್ದೇ ಹೆಚ್ಚುಕಡಿಮೆ ಕಾನೂನು. ಸಮಾಧಾನ ಏನಂದರೆ ಬಂದಿರುವುದು ಡಿಫಾಲ್ಟ್ ನೋಟಿಸ್, ಟರ್ಮಿನೇಷನ್ ನೋಟಿಸ್ ಅಲ್ಲ. ತಪ್ಪನ್ನು ಸರಿಪಡಿಸಿಕೊಳ್ಳಿ, ಇಲ್ಲದಿದ್ದರೆ ಒಪ್ಪಂದ ರದ್ದು ಅನ್ನುವುದು ಇದರ ಅರ್ಥ. ಸರಿಪಡಿಸಿದರೆ ಕಂಪನಿಯ ಕೈ ಅಲ್ಲಿಗೆ ಕಟ್ಟಿಹೋಗುತ್ತದೆ.

ಹಾಗಾಗಿ ಇವತ್ತೇ ಇನ್‌ಸ್ಪೆಕ್ಷನ್ ಪಟ್ಟಿ ಮುಂದೆ ಇಟ್ಟುಕೊಂಡು ಒಂದೊಂದೇ ಐಟಂ ಮುಗಿಸಿ. ಕೋಲ್ಡ್ ಟೇಬಲ್ಲಿನ ತಾಪಮಾನ ಬರೆದಿಟ್ಟಿಲ್ಲ ಅಂದಿದ್ದರೆ ಇವತ್ತಿನಿಂದ ಪ್ರತಿ ದಿನದ ಲಾಗ್ ಹಾಳೆಯ ಫೋಟೋ ತೆಗೆಯಿರಿ. ಟೈಲ್ ಒಡೆದಿದೆ ಅಂದಿದ್ದರೆ ಹಾಕಿಸಿ, ಮೇಸ್ತ್ರಿಯ ಬಿಲ್ ಇಟ್ಟುಕೊಳ್ಳಿ. ಒಪ್ಪಿಗೆ ಇಲ್ಲದ ಸಪ್ಲೈಯರ್‌ನಿಂದ ಸಾಮಾನು ತಂದಿದ್ದೀರಿ ಅಂದಿದ್ದರೆ, ಅದನ್ನು ತೆಗೆದು ಹೊಸದಾಗಿ ಆರ್ಡರ್ ಮಾಡಿದ ಇನ್‌ವಾಯ್ಸ್ ಇಟ್ಟುಕೊಳ್ಳಿ. ಎಲ್ಲವನ್ನೂ ಒಂದು ಪತ್ರದ ಜೊತೆ ಸೇರಿಸಿ ಗಡುವಿಗೆ ಮೊದಲೇ ಕಳಿಸಿ, ಮತ್ತೆ ಇನ್‌ಸ್ಪೆಕ್ಷನ್‌ಗೆ ಬನ್ನಿ ಅಂತ ಬರವಣಿಗೆಯಲ್ಲಿ ಕೇಳಿ. ಪತ್ರವನ್ನು ಯಾವ ವಿಳಾಸಕ್ಕೆ, ಯಾವ ರೀತಿಯಲ್ಲಿ ಕಳಿಸಬೇಕು ಅನ್ನುವುದು ಒಪ್ಪಂದದ ಕೊನೆಯ ಪುಟಗಳಲ್ಲಿ ಇರುತ್ತದೆ. ಅದರಂತೆಯೇ ಕಳಿಸಿ. ಏರಿಯಾ ಮ್ಯಾನೇಜರ್ ಫೋನಿನಲ್ಲಿ "ಆಯ್ತು ಬಿಡಿ, ನಾನು ನೋಡ್ಕೋತೀನಿ" ಅಂದರೆ ಅದನ್ನು ನಂಬಿ ಕೂರಬೇಡಿ. ಬಾಯಿಮಾತಿಗೆ ಬೆಲೆಯಿಲ್ಲ ಅಂತ ಬಹುಪಾಲು ಒಪ್ಪಂದಗಳಲ್ಲಿ ಬರೆದೇ ಇರುತ್ತಾರೆ.

ಆ ಪಟ್ಟಿಯಲ್ಲಿ ಕೆಲವು ಆರೋಪ ಸುಳ್ಳು ಅಂತ ನಿಮಗೆ ಅನಿಸಿದರೂ ಮೊದಲು ಸರಿಪಡಿಸಿ. "ಈ ಆರೋಪವನ್ನು ನಾವು ಒಪ್ಪುವುದಿಲ್ಲ, ನಮ್ಮ ಹಕ್ಕುಗಳನ್ನು ಉಳಿಸಿಕೊಂಡೇ ಸರಿಪಡಿಸಿದ್ದೇವೆ" ಅಂತ ಪತ್ರದಲ್ಲಿ ಒಂದು ಸಾಲು ಸೇರಿಸಿ, ಸಾಕು. ಯಾರು ಸರಿ ಅನ್ನುವ ವಾದವನ್ನು ಆಮೇಲೂ ಮಾಡಬಹುದು. ಹನ್ನೊಂದನೇ ದಿನ ಮಾತ್ರ ಕೈಗೆ ಸಿಗುವುದಿಲ್ಲ.

ಇದಕ್ಕೆ ಇಷ್ಟು ಒತ್ತು ಕೊಡಲು ಇನ್ನೊಂದು ಕಾರಣ ಇದೆ. ನಿಮ್ಮ ಒಪ್ಪಂದದಲ್ಲಿ ಕ್ರಾಸ್ ಡಿಫಾಲ್ಟ್ ಅನ್ನುವ ಷರತ್ತು ಇದೆಯಾ ನೋಡಿ. ಒಂದು ಅಂಗಡಿಯ ಒಪ್ಪಂದ ಮುರಿದರೆ ಇನ್ನೊಂದೂ ಮುರಿದ ಹಾಗೆ ಅನ್ನುವ ಷರತ್ತು ಅದು. ಎರಡು ಅಂಗಡಿ ಇರುವವರ ಒಪ್ಪಂದದಲ್ಲಿ ಇದು ಸಾಮಾನ್ಯ. ನ್ಯೂಜೆರ್ಸಿ ಪತ್ರದಲ್ಲಿರುವ ಕಾರಣಗಳು ದುರ್ಬಲ ಅಂತ ಕಂಪನಿಯ ವಕೀಲರಿಗೂ ಗೊತ್ತಿರುತ್ತದೆ. ಪೆನ್ಸಿಲ್ವೇನಿಯಾದಲ್ಲಿ ನೀವು ಎಡವಿದರೆ ಅವರಿಗೆ ಒಂದು ಗಟ್ಟಿ ಕಾರಣ ಸಿಕ್ಕಿಬಿಡುತ್ತದೆ.

ಈಗ ನಿಮ್ಮ ಭಾವ ಹೇಳಿದ 90 ದಿನ. ಅವರು ಹೇಳಿದ್ದು ಅವರ ವ್ಯಾಪಾರಕ್ಕೆ ಸರಿ. ಪೆಟ್ರೋಲ್ ಮಾರುವ ಫ್ರಾಂಚೈಸಿಗಳಿಗೆ 1978ರ ಪೆಟ್ರೋಲಿಯಂ ಮಾರ್ಕೆಟಿಂಗ್ ಪ್ರಾಕ್ಟೀಸಸ್ ಆಕ್ಟ್ ಅಂತ ಒಂದು ಫೆಡರಲ್ ಕಾಯ್ದೆ ಇದೆ. ಸಾಮಾನ್ಯವಾಗಿ 90 ದಿನದ ಲಿಖಿತ ನೋಟಿಸ್ ಬೇಕು. ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಬೇಕು ಅಥವಾ ಕೈಗೇ ಕೊಡಬೇಕು. ಕಾರಣ, ಜಾರಿಗೆ ಬರುವ ತಾರೀಖು, ಫ್ರಾಂಚೈಸಿಯ ಹಕ್ಕುಗಳ ಸಾರಾಂಶ, ಎಲ್ಲವೂ ಅದರಲ್ಲಿ ಇರಬೇಕು. ಕೋರ್ಟಿಗೆ ಹೋಗಲು ಒಂದು ವರ್ಷದ ಮಿತಿಯೂ ಇದೆ, ಇದನ್ನು ಅವರಿಗೂ ತಿಳಿಸಿ. ಆದರೆ ಸ್ಯಾಂಡ್‌ವಿಚ್ ಅಂಗಡಿಗೆ, ಟ್ಯೂಷನ್ ಸೆಂಟರಿಗೆ, ಹೋಟೆಲಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ಉಳಿದ ಫ್ರಾಂಚೈಸಿಗಳಿಗೆ ಫೆಡರಲ್ ಮಟ್ಟದಲ್ಲಿ ಇರುವುದು ಫೆಡರಲ್ ಟ್ರೇಡ್ ಕಮಿಷನ್ನಿನ ಫ್ರಾಂಚೈಸ್ ರೂಲ್. ಅದು ಮಾರುವ ಹೊತ್ತಿನ ನಿಯಮ. ಸೈನ್ ಮಾಡುವುದಕ್ಕೆ ಕನಿಷ್ಠ 14 ದಿನ ಮೊದಲು ಕಂಪನಿ ನಿಮಗೆ ದಪ್ಪನೆಯ ಡಿಸ್‌ಕ್ಲೋಷರ್ ಡಾಕ್ಯುಮೆಂಟ್ ಕೊಡಬೇಕು, ಅಷ್ಟೇ. ಆಮೇಲೆ ಯಾವಾಗ ತೆಗೆದುಹಾಕಬಹುದು ಅನ್ನುವ ಗೋಜಿಗೆ ಅದು ಹೋಗುವುದಿಲ್ಲ. ಆದರೂ ಆ ಪುಸ್ತಕ ಹುಡುಕಿ ತೆಗೆಯಿರಿ. ಅದರ 17ನೇ ಐಟಂನಲ್ಲಿ ಒಂದು ಕೋಷ್ಟಕ ಇರುತ್ತದೆ. ರಿನ್ಯೂವಲ್, ಟರ್ಮಿನೇಷನ್, ಮಾರಾಟ, ಜಗಳ ಬಂದರೆ ಎಲ್ಲಿ ಹೋಗಬೇಕು, ಎಲ್ಲವೂ ಒಪ್ಪಂದದ ಯಾವ ಸೆಕ್ಷನ್‌ನಲ್ಲಿದೆ ಅಂತ ಅಲ್ಲಿ ಗೊತ್ತಾಗುತ್ತದೆ. ನೂರಾರು ಪುಟ ತಡಕಾಡುವ ಕೆಲಸ ತಪ್ಪುತ್ತದೆ.

ಅಂದರೆ ನಿಜವಾದ ರಕ್ಷಣೆ ಇರುವುದು ರಾಜ್ಯದ ಕಾನೂನಿನಲ್ಲಿ. ಇಪ್ಪತ್ತರ ಆಸುಪಾಸಿನ ರಾಜ್ಯಗಳಲ್ಲಿ ಇಂಥ ಕಾಯ್ದೆ ಇದೆ, ಒಂದೊಂದು ಕಡೆ ಒಂದೊಂದು ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ರಿನ್ಯೂ ಮಾಡದಿರಲು 180 ದಿನದ ನೋಟಿಸ್ ಬೇಕು. ಮಧ್ಯದಲ್ಲಿ ತೆಗೆಯುವುದಾದರೆ 2016ರಿಂದ ತಪ್ಪು ಸರಿಪಡಿಸಲು ಕನಿಷ್ಠ 60 ದಿನ ಕೊಡಬೇಕು. ವಿಸ್ಕಾನ್ಸಿನ್‌ನಲ್ಲಿ 90 ದಿನದ ನೋಟಿಸ್, ಅದರಲ್ಲಿ 60 ದಿನ ಸರಿಪಡಿಸಲು. ಆ 60 ದಿನದಲ್ಲಿ ಸರಿಪಡಿಸಿದರೆ ನೋಟಿಸ್ ತಾನಾಗಿಯೇ ಬಿದ್ದುಹೋಗುತ್ತದೆ. ಮಿನ್ನೆಸೋಟಾದಲ್ಲೂ ಟರ್ಮಿನೇಷನ್‌ಗೆ 90 ಮತ್ತು 60 ದಿನದ ಲೆಕ್ಕವೇ. ನ್ಯೂಯಾರ್ಕಿನಲ್ಲಿ ಫ್ರಾಂಚೈಸ್ ಮಾರಾಟಕ್ಕೆ ಬಿಗಿಯಾದ ಕಾನೂನು ಇದೆ, ಟರ್ಮಿನೇಷನ್‌ಗೆ ಅಂಥ ಸಾಮಾನ್ಯ ಕಾಯ್ದೆ ಇಲ್ಲ. ಸ್ನೇಹಿತರ ಅನುಭವ ಕೇಳುವಾಗ ಅವರ ಅಂಗಡಿ ಯಾವ ರಾಜ್ಯದಲ್ಲಿದೆ ಅಂತ ಮೊದಲು ಕೇಳಿ.

ನಿಮ್ಮ ಅದೃಷ್ಟಕ್ಕೆ ನ್ಯೂಜೆರ್ಸಿಯ ಕಾಯ್ದೆ ದೇಶದಲ್ಲೇ ಗಟ್ಟಿಯಾದವುಗಳಲ್ಲಿ ಒಂದು. 1971ರ ಫ್ರಾಂಚೈಸ್ ಪ್ರಾಕ್ಟೀಸಸ್ ಆಕ್ಟ್ ಅದು. ಅಂಗಡಿ ರಾಜ್ಯದೊಳಗಿರಬೇಕು. ಹಿಂದಿನ 12 ತಿಂಗಳಲ್ಲಿ ಈ ಬ್ರ್ಯಾಂಡಿನ ವ್ಯವಹಾರ 35,000 ಡಾಲರ್ ದಾಟಿರಬೇಕು. ನಿಮ್ಮ ಒಟ್ಟು ವ್ಯಾಪಾರದಲ್ಲಿ ಶೇಕಡ 20ಕ್ಕಿಂತ ಜಾಸ್ತಿ ಈ ಬ್ರ್ಯಾಂಡಿನಿಂದಲೇ ಬರಬೇಕು. ನಿಮಗೆ ಇವೆಲ್ಲ ತೊಡಕಾಗುವ ಹಾಗೆ ಕಾಣುವುದಿಲ್ಲ.

ಈ ಕಾಯ್ದೆ ಎರಡು ಮಾತು ಹೇಳುತ್ತದೆ. ಒಂದು, ತೆಗೆದುಹಾಕಲು ಅಥವಾ ರಿನ್ಯೂ ಮಾಡದಿರಲು ಕನಿಷ್ಠ 60 ದಿನ ಮೊದಲು, ಎಲ್ಲ ಕಾರಣಗಳನ್ನೂ ಬರೆದು ನೋಟಿಸ್ ಕೊಡಬೇಕು. ನೀವೇ ಅಂಗಡಿ ಬಿಟ್ಟುಹೋದರೆ 15 ದಿನ ಸಾಕು. ವ್ಯವಹಾರಕ್ಕೆ ನೇರ ಸಂಬಂಧಪಟ್ಟ ಅಪರಾಧದಲ್ಲಿ ಶಿಕ್ಷೆಯಾದರೆ ನೋಟಿಸ್ ತಲುಪಿದ ಕೂಡಲೇ ಜಾರಿ. ಎರಡು, ಸರಿಯಾದ ಕಾರಣ ಇಲ್ಲದೆ ತೆಗೆಯುವ ಹಾಗಿಲ್ಲ, ರಿನ್ಯೂ ಮಾಡದೆ ಇರುವ ಹಾಗೂ ಇಲ್ಲ. ಸರಿಯಾದ ಕಾರಣ ಅಂದರೆ ಫ್ರಾಂಚೈಸಿಯಾದ ನೀವು ಒಪ್ಪಂದದ ಷರತ್ತುಗಳನ್ನು ಗಣನೀಯವಾಗಿ ಪಾಲಿಸದೇ ಇರುವುದು. ಅದೊಂದೇ. ಟರ್ಮ್ ಮುಗಿದ ಮೇಲೆ ಏನೂ ಮಾಡೋಕಾಗಲ್ಲ ಅಂದ ನಿಮ್ಮ ಸ್ನೇಹಿತನ ಮಾತು ಎಷ್ಟೋ ರಾಜ್ಯಗಳಲ್ಲಿ ನಿಜ, ನಿಮ್ಮ ರಾಜ್ಯದಲ್ಲಿ ಅಲ್ಲ.

ದಿನಗಳ ಲೆಕ್ಕ ನೋಡೋಣ. ಆಗಸ್ಟ್ 25ರಿಂದ ಎಣಿಸಿದರೆ ಅಕ್ಟೋಬರ್ 31ಕ್ಕೆ 67 ದಿನ. ಸೆಪ್ಟೆಂಬರ್ 8ರಿಂದ ಎಣಿಸಿದರೆ 53. ಒಂದು ಕಡೆಯಿಂದ ನೋಟಿಸ್ ಸರಿ, ಇನ್ನೊಂದು ಕಡೆಯಿಂದ ಏಳು ದಿನ ಕಡಿಮೆ. ಪತ್ರ ಬಂದ ಕೊರಿಯರ್ ಲಕೋಟೆ ಇನ್ನೂ ಇದೆಯಾ? ಅದರ ಮೇಲೆ ಕಂಪನಿ ಅದನ್ನು ಕೊರಿಯರ್‌ಗೆ ಕೊಟ್ಟ ದಿನ ಅಚ್ಚಾಗಿರುತ್ತದೆ. ಕಸದ ಬುಟ್ಟಿಗೆ ಹಾಕಿದ್ದರೆ ಈಗಲೇ ಹೋಗಿ ತೆಗೆಯಿರಿ. ಟ್ರ್ಯಾಕಿಂಗ್ ನಂಬರ್ ಹಾಕಿ ಡೆಲಿವರಿ ಪುಟವನ್ನು ಪ್ರಿಂಟ್ ತೆಗೆದಿಡಿ, ಆ ಮಾಹಿತಿ ಬಹಳ ದಿನ ಇರುವುದಿಲ್ಲ. ಇದೇ ಪತ್ರ ಮೊದಲೇ ಈಮೇಲಿನಲ್ಲಿ ಬಂದಿತ್ತಾ ಅಂತ ಸ್ಪ್ಯಾಮ್ ಫೋಲ್ಡರ್ ಸಮೇತ ನೋಡಿ. ನಿಮಗೆ ವಿರುದ್ಧವಾದ ಸಾಕ್ಷಿ ಇದ್ದರೆ ಅದು ನಿಮ್ಮ ವಕೀಲರಿಗೆ ಮೊದಲು ಗೊತ್ತಾಗಬೇಕು.

ಆದರೆ ಈ ಏಳು ದಿನದ ಮೇಲೆ ಪೂರ್ತಿ ಭಾರ ಹಾಕಬೇಡಿ. ನೋಟಿಸ್ ಬಂದವರೆಲ್ಲ ನನ್ನನ್ನು ಮೊದಲು ಕೇಳುವುದು "ಎಷ್ಟು ದಿನ ಕೊಡಬೇಕಿತ್ತು?" ಅಂತಲೇ. ಅದು ಸಹಜ, ದಿನ ಎಣಿಸುವುದು ಸುಲಭ. ಆದರೆ ಅವಧಿ ಕಡಿಮೆ ಬಿತ್ತು ಅನ್ನುವುದಷ್ಟೇ ವಾದವಾದರೆ ಕಂಪನಿ ಹೊಸ ನೋಟಿಸ್ ಕಳಿಸಿ ಆ ದೋಷ ಸರಿಪಡಿಸಿಕೊಳ್ಳಬಹುದು. ನಿಮಗೆ ಸಿಗುವುದು ಒಂದೆರಡು ತಿಂಗಳು. ನಿಮ್ಮ ಬಲ ಇರುವುದು ಆ ಪತ್ರದಲ್ಲಿ ಬರೆದಿರುವ ಕಾರಣಗಳಲ್ಲಿ.

ಯೋಜನೆ ಬದಲಾಗಿದೆ ಅನ್ನುವ ಕಾರಣವನ್ನು ಮೊದಲು ತಗೊಳ್ಳಿ. ಅದು ನಿಮ್ಮ ತಪ್ಪಲ್ಲ, ಅವರ ಇಷ್ಟ. ನ್ಯೂಜೆರ್ಸಿ ಸುಪ್ರೀಂ ಕೋರ್ಟ್ 1981ರಲ್ಲಿ ವೆಸ್ಟ್‌ಫೀಲ್ಡ್ ಸೆಂಟರ್ ಸರ್ವೀಸ್ ಮತ್ತು ಸಿಟೀಸ್ ಸರ್ವೀಸ್ ಆಯಿಲ್ ಕಂಪನಿ ನಡುವಿನ ಕೇಸಿನಲ್ಲಿ ಇದೇ ವಿಷಯ ತೀರ್ಮಾನಿಸಿತು. ಕಂಪನಿಗೆ ವ್ಯಾಪಾರದ ದೃಷ್ಟಿಯಿಂದ ಪ್ರಾಮಾಣಿಕ ಕಾರಣವೇ ಇರಬಹುದು, ಆದರೂ ಫ್ರಾಂಚೈಸಿಯ ತಪ್ಪಿಲ್ಲದಿದ್ದರೆ ನಷ್ಟ ಕಟ್ಟಿಕೊಡಬೇಕು ಅಂದಿತು. ಎಷ್ಟು ಅನ್ನುವುದಕ್ಕೂ ಅಳತೆ ಕೊಟ್ಟಿತು: ನಡೆಯುತ್ತಿರುವ ವ್ಯಾಪಾರದ ಬೆಲೆ ಎಷ್ಟೋ ಅದರಲ್ಲಿ, ಮುಚ್ಚಿ ಸಾಮಾನು ಮಾರಿದರೆ ಸಿಗುವ ಹಣ ಕಳೆದು ಉಳಿದದ್ದು. ಅಂದರೆ ಅಂಗಡಿ ನಿಮ್ಮ ಕೈಯಲ್ಲೇ ಉಳಿಯುತ್ತದೆ ಅಂತ ಖಾತ್ರಿ ಇಲ್ಲ. ಹತ್ತು ವರ್ಷದ ದುಡಿಮೆ ಬರಿಗೈಯಲ್ಲಿ ಹೋಗಬಾರದು ಅನ್ನುವುದು ಮಾತ್ರ ಸ್ಪಷ್ಟ.

ರೀಮಾಡೆಲ್ ವಿಷಯ ಅಷ್ಟು ಸುಲಭ ಅಲ್ಲ. ಹೊಸ ಡಿಸೈನಿಗೆ ಬದಲಾಯಿಸಬೇಕು ಅಂತ ಒಪ್ಪಂದದಲ್ಲೇ ಇದ್ದು, ಸಮಯ ಕೊಟ್ಟು ಕೇಳಿದರೂ ನೀವು ಮಾಡದಿದ್ದರೆ ಅದು ಅವರಿಗೆ ನಿಜವಾದ ಕಾರಣ. ಆದರೆ ಮೊದಲೇ ಕೇಳಿದ್ದರಾ, ಯಾವತ್ತು, ಯಾವ ನಕ್ಷೆ ಕೊಟ್ಟರು? ಅದೇ ಬ್ರ್ಯಾಂಡಿನ ಸುತ್ತಮುತ್ತಲಿನ ಅಂಗಡಿಗಳು ಹಳೆಯ ಡಿಸೈನಿನಲ್ಲೇ ಇದ್ದೂ ರಿನ್ಯೂ ಆಗಿವೆಯಾ? ನೀವು ಎಸ್ಟಿಮೇಟ್ ತರಿಸಿದ್ದು, ಕಾಲಾವಕಾಶ ಕೇಳಿದ್ದು, ಅವರು ಉತ್ತರ ಕೊಡದೇ ಇದ್ದದ್ದು, ಇಂಥ ಈಮೇಲ್ ಏನಾದರೂ ಇವೆಯಾ? ಫ್ರಾಂಚೈಸಿಯ ಮೇಲೆ ವಿವೇಚನೆಯಿಲ್ಲದ ಮಟ್ಟದ ಷರತ್ತು ಹೇರಬಾರದು ಅಂತ ಇದೇ ಕಾಯ್ದೆಯಲ್ಲಿದೆ. ನಾಳೆ ಮುಗಿಯುವ ಒಪ್ಪಂದಕ್ಕೆ ಇವತ್ತು ಲಕ್ಷಾಂತರ ಡಾಲರ್ ಸುರಿ ಅನ್ನುವುದು ಆ ಪಟ್ಟಿಗೆ ಬರಬಹುದು. ನಿಮ್ಮ ಕೇಸು ನಿಲ್ಲುವುದೋ ಬೀಳುವುದೋ ಇಲ್ಲೇ. ಹಾಗಾಗಿ ಸಂಜೆ ಕೂತು ರೀಮಾಡೆಲ್ ಅನ್ನುವ ಪದ ಇರುವ ಹಳೆಯ ಈಮೇಲ್‌ಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ. ಯಾವುದನ್ನೂ ಅಳಿಸಬೇಡಿ.

ರಾಯಲ್ಟಿ ನಿಲ್ಲಿಸುವ ಸಲಹೆಗೆ ನನ್ನ ಉತ್ತರ ಒಂದೇ: ಬೇಡ. ಹಣ ಕಟ್ಟದೇ ಇರುವುದು ಎಲ್ಲ ರಾಜ್ಯದಲ್ಲೂ ಅತಿ ಸುಲಭದ, ಅತಿ ಗಟ್ಟಿಯಾದ ಕಾರಣ. ಫ್ರಾಂಚೈಸಿಗಳ ಪರ ಇರುವ ರಾಜ್ಯಗಳೂ ಇದರಲ್ಲಿ ಕರುಣೆ ತೋರಿಸುವುದಿಲ್ಲ. ಬೇರೆ ತಪ್ಪಿಗೆ 60 ದಿನ ಕೊಡುವ ವಿಸ್ಕಾನ್ಸಿನ್ ಬಾಕಿ ಹಣಕ್ಕೆ ಹತ್ತೇ ದಿನ ಕೊಡುತ್ತದೆ, ಕ್ಯಾಲಿಫೋರ್ನಿಯಾದಲ್ಲಿ ಐದು. ಒಳ್ಳೆಯ ಕೇಸನ್ನು ಕೈಯಾರೆ ಹಾಳುಮಾಡಿಕೊಂಡವರಲ್ಲಿ ಹೆಚ್ಚಿನವರು ಇದೇ ದಾರಿ ಹಿಡಿದವರು. ಲೆಕ್ಕದಲ್ಲಿ ತಕರಾರಿದ್ದರೆ ಆಕ್ಷೇಪ ಬರೆದು ಕೊಟ್ಟು, ಹಣವನ್ನು ಮಾತ್ರ ತಪ್ಪದೆ ಕಟ್ಟಿ.

ಏರಿಯಾ ಮ್ಯಾನೇಜರ್ ಕೊಟ್ಟ ಕಾಗದಕ್ಕೂ ಸೈನ್ ಹಾಕಬೇಡಿ, ವಕೀಲರು ಓದುವ ತನಕ. ಅದರಲ್ಲಿ ಬಹುಶಃ ಜನರಲ್ ರಿಲೀಸ್ ಇರುತ್ತದೆ. ಕಂಪನಿಯ ಮೇಲೆ ನನಗಿರುವ ಎಲ್ಲ ಹಕ್ಕು, ತಕರಾರು, ಪರಿಹಾರ ಬಿಟ್ಟುಕೊಟ್ಟಿದ್ದೇನೆ ಅಂತ ಅದರ ಅರ್ಥ. ಮೂರು ತಿಂಗಳು ತಗೊಂಡು, ಮೇಲೆ ಹೇಳಿದ ಪರಿಹಾರವನ್ನೆಲ್ಲ ಕೊಟ್ಟ ಹಾಗಾಗುತ್ತದೆ. ಒಪ್ಪಂದ ಮಾಡಿಕೊಳ್ಳುವ ಹೊತ್ತಿನಲ್ಲಿ ರಿಲೀಸ್ ಕೇಳುವುದನ್ನು ನ್ಯೂಜೆರ್ಸಿ ಕಾಯ್ದೆ ತಡೆಯುತ್ತದೆ, ಆದರೆ ಜಗಳ ಹುಟ್ಟಿದ ಮೇಲೆ ಸೆಟಲ್‌ಮೆಂಟ್ ಅಂತ ನೀವೇ ಸೈನ್ ಹಾಕಿದ್ದನ್ನು ಬಿಡಿಸಿಕೊಳ್ಳುವುದು ಬಹಳ ಕಷ್ಟ. ಆ ಮೂರು ತಿಂಗಳು ನಿಮಗೆ ಬೇಕಿದ್ದರೆ ಬೇರೆ ರೀತಿ ಕೇಳಿ. ಎರಡೂ ಕಡೆಯವರು ತಮ್ಮ ಹಕ್ಕು ಉಳಿಸಿಕೊಂಡು, ಮಾತುಕತೆ ನಡೆಯುವ ತನಕ ಒಪ್ಪಂದವನ್ನು ಮುಂದುವರಿಸುವ ಒಂದು ಪುಟದ ಪತ್ರ ಸಾಕು. ಕಂಪನಿಗಳು ಇದಕ್ಕೆ ಒಪ್ಪುವುದುಂಟು. ಕೋರ್ಟ್ ಖರ್ಚು ಅವರಿಗೂ ಹಿತವಲ್ಲ.

ಮುಂದಿನ ದಾರಿಗಳಲ್ಲಿ ನಾನು ಮೊದಲು ಇಡುವುದು ಮಾತುಕತೆಯನ್ನು. ರೀಮಾಡೆಲ್‌ಗೆ ಒಂದು ವೇಳಾಪಟ್ಟಿ ಕೊಟ್ಟು ರಿನ್ಯೂವಲ್ ಕೇಳಿ. ಆದರೆ ರಿನ್ಯೂವಲ್ ಅಂದರೆ ಹಳೆಯ ಒಪ್ಪಂದವೇ ಮುಂದುವರಿಯುತ್ತದೆ ಅಂತ ತಿಳಿಯಬೇಡಿ. ಸಾಮಾನ್ಯವಾಗಿ ಆ ದಿನಕ್ಕೆ ಚಾಲ್ತಿಯಲ್ಲಿರುವ ಹೊಸ ಒಪ್ಪಂದಕ್ಕೆ ಸೈನ್ ಕೇಳುತ್ತಾರೆ. ರಾಯಲ್ಟಿ, ಜಾಹೀರಾತು ನಿಧಿ ಎರಡೂ ಜಾಸ್ತಿ ಇರಬಹುದು. ಹೊಸ ಲೆಕ್ಕದಲ್ಲಿ ಅಂಗಡಿ ಲಾಭ ಕೊಡುತ್ತದಾ ಅಂತ ನಿಮ್ಮ ಅಕೌಂಟೆಂಟ್ ಜೊತೆ ಕೂತು ನೋಡಿ. ಕೊಡದಿದ್ದರೆ ರಿನ್ಯೂವಲ್‌ಗಾಗಿ ಹೋರಾಡುವುದರಲ್ಲಿ ಅರ್ಥ ಇಲ್ಲ.

ಎರಡನೆಯದು ಮಾರಾಟ. ಕೊಳ್ಳುವವರನ್ನು ಹುಡುಕಿ ಲಿಖಿತವಾಗಿ ತಿಳಿಸಿದರೆ, ನ್ಯೂಜೆರ್ಸಿಯಲ್ಲಿ ಕಂಪನಿ 60 ದಿನದೊಳಗೆ ಒಪ್ಪಿಗೆ ಕೊಡಬೇಕು, ಇಲ್ಲವೇ ಆ ವ್ಯಕ್ತಿಯ ನಡತೆ, ಹಣಬಲ ಅಥವಾ ಅನುಭವಕ್ಕೆ ಸಂಬಂಧಿಸಿದ ಕಾರಣ ಕೊಟ್ಟು ತಿರಸ್ಕರಿಸಬೇಕು. ಸುಮ್ಮನೆ ಕೂತರೆ ಒಪ್ಪಿದ ಹಾಗೆ. ಆದರೆ ನಿಮ್ಮ ಟರ್ಮ್ ಮುಗಿಯುತ್ತಾ ಬಂದಿದೆ. ಉಳಿದ ವಾರಗಳನ್ನು ಯಾರೂ ಕೊಳ್ಳುವುದಿಲ್ಲ, ಅದಕ್ಕೇ ಮೇಲೆ ಹೇಳಿದ ಮುಂದುವರಿಕೆ ಪತ್ರ ಬೇಕಾಗುವುದು.

ಮೂರನೆಯದು ಕೋರ್ಟ್. ಅಕ್ಟೋಬರ್ 31ಕ್ಕೆ ಮೊದಲೇ ತಾತ್ಕಾಲಿಕ ತಡೆಯಾಜ್ಞೆ ಕೇಳಬಹುದು. ಅದಕ್ಕೆ ವೇಗವಾಗಿ ಹೋಗಬೇಕು, ಖರ್ಚು ಜಾಸ್ತಿ, ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಹಣದಿಂದ ತುಂಬಲಾಗದ ನಷ್ಟ ಅಂತ ತೋರಿಸಬೇಕು, ಕೋರ್ಟ್ ಬಾಂಡ್ (ಭದ್ರತೆಯ ಹಣ) ಇಡಿ ಅನ್ನಬಹುದು. ತಡೆಯಾಜ್ಞೆ ಇಲ್ಲದಿದ್ದರೂ ಪರಿಹಾರದ ಕೇಸು ನಡೆಯುತ್ತದೆ, ಗೆದ್ದರೆ ಈ ಕಾಯ್ದೆಯಡಿ ವಕೀಲರ ಫೀಸೂ ಸಿಗುತ್ತದೆ. ಇಲ್ಲಿ ಒಂದು ತೊಡಕು ನೋಡಿಕೊಳ್ಳಿ. ಕೇಸು ಕಂಪನಿಯ ಊರಿನ ಕೋರ್ಟಿನಲ್ಲೇ ಹಾಕಬೇಕು ಅನ್ನುವ ಷರತ್ತನ್ನು ನ್ಯೂಜೆರ್ಸಿ ಸುಪ್ರೀಂ ಕೋರ್ಟ್ 1996ರ ಕುಬಿಸ್ ತೀರ್ಪಿನಿಂದ ಸಾಮಾನ್ಯವಾಗಿ ಮಾನ್ಯ ಮಾಡುವುದಿಲ್ಲ. ಆದರೆ ಒಪ್ಪಂದದಲ್ಲಿ ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಬದಲು ಖಾಸಗಿ ಮಧ್ಯಸ್ಥರ ಮುಂದೆ ತೀರ್ಮಾನ, ಅಂತ ಇದ್ದರೆ ಕಥೆ ಬೇರೆ. ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ಸೆವೆನ್ ಇಲೆವೆನ್ ಫ್ರಾಂಚೈಸಿಗಳ ಕೇಸಿನಲ್ಲೇ, ರಾಜ್ಯದ ಫ್ರಾಂಚೈಸ್ ಕಾಯ್ದೆಗಿಂತ ಫೆಡರಲ್ ಆರ್ಬಿಟ್ರೇಷನ್ ಕಾಯ್ದೆ ಮೇಲು ಅಂದಿದೆ. ಆಗ ನೀವು ವಾದ ಮಾಡುವ ಜಾಗವೇ ಬದಲಾಗಬಹುದು.

ಒಪ್ಪಂದ ಮುಗಿದ ಮೇಲೂ ಬೋರ್ಡು ಹಾಗೇ ಇಟ್ಟುಕೊಂಡು ವ್ಯಾಪಾರ ಮಾಡುವ ಯೋಚನೆ ಬಂದರೆ ಬಿಡಿ. ಟ್ರೇಡ್‌ಮಾರ್ಕ್ ಕೇಸು ಬೀಳುತ್ತದೆ, ಅದರಲ್ಲಿ ಕಂಪನಿಗೆ ತಡೆಯಾಜ್ಞೆ ಸುಲಭವಾಗಿ ಸಿಗುತ್ತದೆ. ಬೋರ್ಡು ತೆಗೆದು ಅಲ್ಲೇ ಸ್ವಂತ ಹೆಸರಿನಲ್ಲಿ ಅಂಗಡಿ ನಡೆಸಬೇಕಾದರೂ ಸ್ಪರ್ಧೆ ನಿಷೇಧದ ಷರತ್ತು ಓದಬೇಕು. ಎಷ್ಟು ಮೈಲಿ, ಎಷ್ಟು ವರ್ಷ ಅಂತ ಇದೆ ನೋಡಿ. ಅದು ವಿವೇಚನೆಯ ಮಿತಿಯಲ್ಲಿದ್ದರೆ ನ್ಯೂಜೆರ್ಸಿ ಕೋರ್ಟುಗಳು ಜಾರಿ ಮಾಡುತ್ತವೆ. ಬ್ಯಾಂಕ್ರಪ್ಟ್ಸಿ ಹಾಕಿದರೆ ಎಲ್ಲ ನಿಲ್ಲುತ್ತದೆ ಅಂತಲೂ ಯಾರಾದರೂ ಹೇಳಬಹುದು. ಮುಗಿದುಹೋದ ಒಪ್ಪಂದಕ್ಕೆ ಅದು ಜೀವ ಕೊಡುವುದಿಲ್ಲ.

ಇನ್ನು ನಿಮ್ಮ ಗ್ಯಾರಂಟಿ. ಫ್ರಾಂಚೈಸ್ ಕಾಯ್ದೆ ನಿಮ್ಮನ್ನು ಕಂಪನಿಯಿಂದ ಕಾಪಾಡುತ್ತದೆ, ಬ್ಯಾಂಕಿನಿಂದ ಅಥವಾ ಲ್ಯಾಂಡ್‌ಲಾರ್ಡಿನಿಂದ ಅಲ್ಲ. ಅಂಗಡಿ ಮುಚ್ಚಿದರೂ ಲೀಸ್ ಬಾಡಿಗೆ ನಿಮ್ಮಿಬ್ಬರ ಹೆಸರಿನಲ್ಲಿ ಓಡುತ್ತಿರುತ್ತದೆ. ಲೀಸ್ ಯಾವತ್ತು ಮುಗಿಯುತ್ತದೆ, ಫ್ರಾಂಚೈಸ್ ಹೋದರೆ ಲೀಸನ್ನು ತನಗೆ ವರ್ಗಾಯಿಸಿಕೊಳ್ಳುವ ಹಕ್ಕು ಕಂಪನಿಗೆ ಇದೆಯಾ ಅಂತ ನೋಡಿ. ಇದ್ದರೆ, ಅವರು ಜಾಗ ತಗೊಂಡ ದಿನವೇ ನಿಮ್ಮ ಗ್ಯಾರಂಟಿ ಬಿಡಿಸಿಕೊಡಬೇಕು ಅನ್ನುವುದನ್ನು ಮಾತುಕತೆಯಲ್ಲಿ ಸೇರಿಸಿ. ಬ್ಯಾಂಕಿನ ಸಾಲಪತ್ರವನ್ನೂ ತೆಗೆದು ನೋಡಿ. ಫ್ರಾಂಚೈಸ್ ನೋಟಿಸ್ ಬಂದರೆ ತಿಳಿಸಬೇಕು ಅನ್ನುವ ಷರತ್ತು ಅದರಲ್ಲಿ ಇರಬಹುದು, ತಿಳಿಸದಿದ್ದರೆ ಅದೇ ಒಂದು ಡಿಫಾಲ್ಟ್ ಆಗುತ್ತದೆ.

ಇದೆಲ್ಲ ನಿಮ್ಮ ಕಾಗದಪತ್ರ ನೋಡದೆ, ನೀವು ಬರೆದದ್ದನ್ನು ನಂಬಿ ಹೇಳಿದ್ದು. ಈ ವಾರದೊಳಗೆ ಫ್ರಾಂಚೈಸಿಗಳ ಪರವಾಗಿ ಕೆಲಸ ಮಾಡುವ ನ್ಯೂಜೆರ್ಸಿಯ ವಕೀಲರೊಬ್ಬರನ್ನು ಭೇಟಿ ಮಾಡಿ. ಮನೆ ಖರೀದಿಗೆ ಸಹಾಯ ಮಾಡಿದ ವಕೀಲರು ಈ ಕೆಲಸಕ್ಕೆ ಸಾಲದು. ಅವರು ಇದೇ ಬ್ರ್ಯಾಂಡಿನ ಪರ ಕೆಲಸ ಮಾಡಿದ್ದಾರಾ ಅಂತ ಮೊದಲೇ ಕೇಳಿ. ಎರಡೂ ಒಪ್ಪಂದ, ಎಲ್ಲ ತಿದ್ದುಪಡಿ, ಎರಡೂ ನೋಟಿಸ್ ಲಕೋಟೆ ಸಮೇತ, ಲೀಸ್, ಸಾಲಪತ್ರ, ಮೂರು ವರ್ಷದ ತೆರಿಗೆ ಲೆಕ್ಕ ತಗೊಂಡು ಹೋಗಿ. ಪೂರ್ತಿ ಕೇಸು ವಹಿಸುವ ಮೊದಲು, ಕಾಗದ ಓದಿ ಉತ್ತರ ಪತ್ರ ಬರೆಯುವುದಕ್ಕಷ್ಟೇ ಒಂದು ನಿಗದಿತ ಫೀಸ್ ಎಷ್ಟು ಅಂತ ಕೇಳಿ. ಹಾಗೆ ಕೆಲಸ ಮಾಡಿಕೊಡುವವರು ಇದ್ದಾರೆ. ಪೆನ್ಸಿಲ್ವೇನಿಯಾದ ಉತ್ತರವನ್ನು ಮಾತ್ರ ಆ ಭೇಟಿಗೆ ಕಾಯದೆ ಕಳಿಸಿ.